ಮಳೆಗಾಲದಲ್ಲಿ ಗುರಿ ತಪ್ಪುತ್ತಿದ್ದ .22 ಕೋವಿ: ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಕೋವಿ ಕೊಡಗಿನ ಒಂದು ಕಾಫಿ ತೋಟದ ಮನೆಯದು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಮನೆತನ, ಊರು, ಕೋವಿ ತಯಾರಿಸಿದವರ ಹೆಸರು ಯಾವುದನ್ನೂ ಇಲ್ಲಿ ಹೇಳಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ‘ಬೆಳೆಗಾರರು’ ಎಂದಷ್ಟೇ ಕರೆಯುತ್ತೇನೆ. ನಾನು ಒಂದು ರೈಫಲ್ ಕ್ಲಬ್ಬಿನಲ್ಲಿ ಕೋವಿಗಳ ನಿಗಾ ನೋಡಿಕೊಳ್ಳುವವನು. ಪರೀಕ್ಷಿಸುವುದು ಮತ್ತು ಲೆಕ್ಕ ಬರೆದಿಡುವುದು ನನ್ನ ಕೆಲಸ. ರಿಪೇರಿಯ ಪರವಾನಗಿ ನನಗಿಲ್ಲ, ಮತ್ತು ಈ ಪ್ರಕರಣದಲ್ಲಿ ಆ ಮಿತಿಯೂ ಒಂದು ಪಾತ್ರ ವಹಿಸಿತು.

ಹಿನ್ನೆಲೆ

ಕೋವಿಯನ್ನು ಕೊಂಡವರು ಬೆಳೆಗಾರರ ಅಜ್ಜ, 1950ರ ದಶಕದಲ್ಲಿ. ಯುರೋಪಿನಲ್ಲಿ ತಯಾರಾದ .22 (ನಳಿಗೆಯ ಒಳ ಅಗಲ ಸುಮಾರು 0.22 ಇಂಚು) ಬೋಲ್ಟ್ ರೈಫಲ್ ಅದು, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವಂಥದ್ದು. ಆಕ್ರೋಟದ ಮರದ ಸ್ಟಾಕ್ (ನಳಿಗೆ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗ), ಐದು ಗುಂಡಿನ ಮ್ಯಾಗಜಿನ್. ಆ ಕಾಲದಲ್ಲಿ ಮೊಲ, ಕಾಡುಕೋಳಿಯ ಬೇಟೆಗೆ ಬಳಕೆಯಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಳಕೆ ನಿಂತಿತು. ಈಗ ಅದು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಕೂರುತ್ತದೆ, ಹಬ್ಬದ ಹಿಂದೆಯೇ ಬರುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುತ್ತದೆ. ಬೇಟೆಯ ಕೋವಿಯೊಂದು ಸ್ಪರ್ಧೆಯ ಕೋವಿಯಾಗಿ ಉಳಿದುಕೊಂಡ ಕಥೆ ಕೊಡಗಿನ ಬಹಳ ಮನೆಗಳಲ್ಲಿದೆ.

ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಘೋಷಣೆಯಿಂದ ನಡೆದುಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದರ ಚರಿತ್ರೆ ಇಲ್ಲಿ ಅಪ್ರಸ್ತುತ, ಆದರೆ ಅದರ ಷರತ್ತು ಪ್ರಸ್ತುತ: ರೈಫಲ್ ಒಂದು, ಅದಕ್ಕೆ ಗುಂಡು ನೂರು. ದೋಷ ಹುಡುಕುತ್ತ ಪೆಟ್ಟಿಗೆಗಟ್ಟಲೆ ಗುಂಡು ಸುಡುವ ಅನುಕೂಲ ನಮಗಿರಲಿಲ್ಲ. ಪ್ರತಿ ಹತ್ತು ಗುಂಡಿಗೂ ಮೊದಲೇ ಒಂದು ಪ್ರಶ್ನೆ ಸಿದ್ಧವಿರಬೇಕಿತ್ತು. ಈ ಕೊರತೆಯೇ ನಮ್ಮನ್ನು ಸರಿದಾರಿಗೆ ತಂದಿತು ಎಂದು ಈಗ ಅನ್ನಿಸುತ್ತದೆ.

ಸಮಸ್ಯೆ

ಮೊದಲ ವರ್ಷದ ಮಾರ್ಚ್‌ನಲ್ಲಿ, ಮರಳು ಚೀಲದ ಮೇಲಿಟ್ಟು 50 ಮೀಟರ್‌ನಿಂದ ಹೊಡೆದಾಗ, ಐದು ಗುಂಡುಗಳು ಎರಡೂವರೆ ಸೆಂಟಿಮೀಟರ್ ಒಳಗೆ ಬಿದ್ದಿದ್ದವು. ಅತಿ ದೂರದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದ ಅಂತರವಿದು. ಮುಂದೆ ಬರುವ ಅಳತೆಗಳೆಲ್ಲ ಹೀಗೇ ತೆಗೆದವು. ಆಗಸ್ಟ್ ಕೊನೆಯ ವಾರ ಅದೇ ಕೋವಿ, ಅದೇ ಚೀಲ, ಅದೇ ಪೆಟ್ಟಿಗೆಯ ಗುಂಡು ಇಟ್ಟುಕೊಂಡು ಹೊಡೆದಾಗ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು, ಎಂಟೂವರೆ ಸೆಂಟಿಮೀಟರ್‌ಗೆ ಹರಡಿತ್ತು, ಅದರ ಮಧ್ಯಬಿಂದು ಆರು ಸೆಂಟಿಮೀಟರ್ ಬಲಕ್ಕೂ ಮೇಲಕ್ಕೂ ಸರಿದಿತ್ತು. ಸಿಪ್ಪೆ ಸುಲಿದ ತೆಂಗಿನಕಾಯಿ ಅಡ್ಡಲಾಗಿ ಸುಮಾರು ಹತ್ತು ಸೆಂಟಿಮೀಟರ್ ಇರುತ್ತದೆ. ಹೀಗಾಗಿ ಆ ವರ್ಷದ ಸ್ಪರ್ಧೆಯಲ್ಲಿ ಬೆಳೆಗಾರರ ಮೂರು ಈಡುಗಳಲ್ಲಿ ಒಂದೂ ಕಾಯಿಯನ್ನು ಮುಟ್ಟದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅಕ್ಟೋಬರ್‌ನಲ್ಲಿ ಅವರು ಒಂದೇ ವಾರದಲ್ಲಿ ಮೂರು ಕೆಲಸ ಮಾಡಿದರು. ನಳಿಗೆಯನ್ನು ಚೆನ್ನಾಗಿ ಉಜ್ಜಿ ತೊಳೆದರು, ಬೇರೆ ತಯಾರಿಕೆಯ ಗುಂಡು ತಂದರು, ಹಳೆಯ ಸ್ಕೋಪ್ (ಗುರಿ ನೋಡುವ ದುರ್ಬೀನು) ತೆಗೆದು ಬೆಲೆಯ ಹೊಸದೊಂದನ್ನು ಕೂರಿಸಿದರು. ಡಿಸೆಂಬರ್‌ನಲ್ಲಿ ಪರೀಕ್ಷಿಸಿದಾಗ ಗ್ರೂಪ್ ಮೂರು ಸೆಂಟಿಮೀಟರ್‌ಗೆ ಇಳಿದಿತ್ತು. ಮನೆಯವರೂ ನೆಂಟರೂ ಅದರ ಶ್ರೇಯವನ್ನು ಹೊಸ ಸ್ಕೋಪಿಗೆ ಕೊಟ್ಟರು, ಅತಿ ಹೆಚ್ಚು ಹಣ ಹೋದದ್ದು ಅದಕ್ಕೇ ಆದ್ದರಿಂದ. ಮರುವರ್ಷ ಆಗಸ್ಟ್‌ನಲ್ಲಿ ಗ್ರೂಪ್ ಮತ್ತೆ ಎಂಟು ಸೆಂಟಿಮೀಟರ್ ಆಯಿತು. ಕೋವಿಯನ್ನು ಚೀಲದಲ್ಲಿಟ್ಟುಕೊಂಡು ನನ್ನ ಬಳಿ ಬಂದವರು, “ಅಣ್ಣಾ, ಸ್ಕೋಪಿಗೆ ಹಾಕಿದ ದುಡ್ಡು ನೀರಿಗೆ ಹೋಯ್ತು ನೋಡಿ” ಎಂದರು. ನೀರಿನ ಮಾತನ್ನು ಅವರು ಎಷ್ಟು ಸರಿಯಾಗಿ ಹೇಳಿದ್ದರು ಎಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಕೋವಿ ಮೊದಲೋ, ಹೊಡೆಯುವವರು ಮೊದಲೋ

ನನ್ನ ಮೊದಲ ಅನುಮಾನ ಕೋವಿಯ ಮೇಲಿರಲಿಲ್ಲ, ಬೆಳೆಗಾರರ ಮೇಲಿತ್ತು. ಒಮ್ಮೆ ನೆಂಟರಿಷ್ಟರ ಮುಂದೆ ಗುರಿ ತಪ್ಪಿದವರಿಗೆ ಮುಂದಿನ ಸಲ ಟ್ರಿಗರ್ ಎಳೆಯುವಾಗ ಬೆರಳು ಬೆದರುವುದು ನಾನು ಕಂಡದ್ದೇ. ಆದರೆ ಅದನ್ನು ಬಾಯಲ್ಲಿ ಹೇಳುವ ಮುನ್ನ ಅಳೆದು ನೋಡುವುದು ಒಳ್ಳೆಯದೆನ್ನಿಸಿತು. ಅವರ ಕೋವಿಯಿಂದ ಅವರು ಹತ್ತು ಗುಂಡು, ನಾನು ಹತ್ತು ಗುಂಡು ಹೊಡೆದೆವು. ಅವರದು 7.9 ಸೆಂಟಿಮೀಟರ್, ನನ್ನದು 8.3. ಬಳಿಕ ಕ್ಲಬ್ಬಿನ ಕೋವಿಯಿಂದ, ಕ್ಲಬ್ಬಿನ ಗುಂಡಿನಿಂದ ಅವರು ಹತ್ತು ಹೊಡೆದಾಗ ಗ್ರೂಪ್ 2.2 ಸೆಂಟಿಮೀಟರ್ ಬಂತು. ನನ್ನ ಅನುಮಾನ ಅಲ್ಲಿಗೆ ಮುಗಿಯಿತು, ಅದನ್ನು ಹೇಳಿಬಿಡದೆ ಇದ್ದದ್ದಕ್ಕೆ ಸಮಾಧಾನವೂ ಆಯಿತು. ಈ ಅದಲು ಬದಲು ಪರೀಕ್ಷೆಗೆ ಅವರ ನೂರರಲ್ಲಿ ಇಪ್ಪತ್ತು ಗುಂಡು ಖರ್ಚಾದವು. ಇಡೀ ಹುಡುಕಾಟದಲ್ಲಿ ಅಷ್ಟು ಬೆಲೆಬಾಳುವ ಇಪ್ಪತ್ತು ಗುಂಡು ಬೇರೆ ಇರಲಿಲ್ಲ, ಏಕೆಂದರೆ ಅದಾದ ಮೇಲೆ ನಾವು ಮನುಷ್ಯನನ್ನು ಬಿಟ್ಟು ವಸ್ತುವನ್ನು ನೋಡತೊಡಗಿದೆವು.

ಐದರ ಬದಲು ಹತ್ತು ಗುಂಡಿನ ಗ್ರೂಪ್ ಏಕೆ ಎಂದು ಅವರು ಕೇಳಿದರು. ಮೂರು ಅಥವಾ ಐದು ಗುಂಡಿನ ಗ್ರೂಪ್ ಅದೃಷ್ಟವಿದ್ದರೆ ಕೆಟ್ಟ ಕೋವಿಯಲ್ಲೂ ಚಿಕ್ಕದಾಗಿ ಬೀಳುತ್ತದೆ. ಅಂಥದ್ದೊಂದನ್ನು ನಂಬಿ ತಿಂಗಳುಗಟ್ಟಲೆ ದಾರಿ ತಪ್ಪಿದವರನ್ನು ಕಂಡಿದ್ದೇನೆ. ಮೊದಲ ವರ್ಷದ ಡಿಸೆಂಬರ್‌ನ ಮೂರು ಸೆಂಟಿಮೀಟರ್ ಕೂಡ ಐದು ಗುಂಡಿನದೇ ಆಗಿತ್ತು.

ಯಾವ ದೋಷ ಎಷ್ಟು ದೂರ ತಪ್ಪಿಸಬಲ್ಲದು

ಇದಾದ ಮೇಲೆ ನಾವು ಗುಂಡು ಹೊಡೆಯಲಿಲ್ಲ, ಕಾಗದ ತೆಗೆದುಕೊಂಡು ಕುಳಿತೆವು. ಶಂಕೆಗೆ ಬಂದ ಪ್ರತಿಯೊಂದು ದೋಷವೂ 50 ಮೀಟರ್‌ನಲ್ಲಿ ಹೆಚ್ಚೆಂದರೆ ಎಷ್ಟು ತಪ್ಪಿಸಬಲ್ಲದು ಎಂದು ಲೆಕ್ಕ ಹಾಕಿದೆವು.

ಹಳೆಯ ಸ್ಕೋಪ್ ದೊಡ್ಡ ಕೋವಿಗಳಿಗಾಗಿ ಮಾಡಿದ್ದು, ಅದರ ಪ್ಯಾರಲಾಕ್ಸ್ ಹೊಂದಿಸಿದ್ದು ನೂರು ಗಜಕ್ಕೆ. ಅಂಥ ಸ್ಕೋಪಿನಲ್ಲಿ ಐವತ್ತು ಗಜದ ಗುರಿ ನೋಡುವಾಗ ಕಣ್ಣು ಮಧ್ಯದಿಂದ ಸರಿದರೆ ಕೂಡುಗೆರೆಯೂ (ಗುರಿ ಹಿಡಿಯಲು ಸ್ಕೋಪಿನೊಳಗಿರುವ ಅಡ್ಡ, ಉದ್ದ ಗೆರೆಗಳು) ಗುರಿಯ ಮೇಲೆ ಸರಿಯುತ್ತದೆ; ಇದೇ ಪ್ಯಾರಲಾಕ್ಸ್. ಮುಂದಿನ ಗಾಜು 40 ಮಿಲಿಮೀಟರ್‌ನದಾದರೆ ಈ ತಪ್ಪು ಹೆಚ್ಚೆಂದರೆ ಒಂದು ಬದಿಗೆ 10 ಮಿಲಿಮೀಟರ್. 50 ಮೀಟರ್ ಐವತ್ತು ಗಜಕ್ಕಿಂತ ಸ್ವಲ್ಪ ಹೆಚ್ಚೇ ಆದ್ದರಿಂದ ನಮ್ಮ ಲೆಕ್ಕಕ್ಕೆ ಇನ್ನೂ ಕಡಿಮೆ. ಗುಂಡಿನ ವೇಗದ ಏರುಪೇರನ್ನೂ ಹೀಗೇ ನೋಡಿದೆವು. ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಹೊರಡುವ .22 ಗುಂಡು 50 ಮೀಟರ್ ತಲುಪುವಷ್ಟರಲ್ಲಿ ಹದಿಮೂರು ಸೆಂಟಿಮೀಟರ್‌ನಷ್ಟು ಕೆಳಗಿಳಿದಿರುತ್ತದೆ. ಒಂದು ಗುಂಡಿಗೂ ಇನ್ನೊಂದಕ್ಕೂ ವೇಗದಲ್ಲಿ 10 ಮೀಟರ್ ವ್ಯತ್ಯಾಸವಿದ್ದರೆ ಎತ್ತರದಲ್ಲಿ ಬರುವ ವ್ಯತ್ಯಾಸ ಸುಮಾರು 8 ಮಿಲಿಮೀಟರ್. ಎರಡನ್ನೂ ಸೇರಿಸಿದರೂ ಎಂಟು ಸೆಂಟಿಮೀಟರ್‌ನ ಹತ್ತಿರಕ್ಕೆ ಬರುವುದಿಲ್ಲ. ಅಂದರೆ ಮೊದಲ ವರ್ಷ ಬದಲಿಸಿದ್ದೆಲ್ಲ ಚಿಲ್ಲರೆ ದೋಷಗಳು, ದೊಡ್ಡದು ಬೇರೆಲ್ಲೋ ಕುಳಿತಿತ್ತು.

ಲೆಕ್ಕದ ಮೇಲಷ್ಟೇ ನಿಲ್ಲಬಾರದೆಂದು ಮೂವತ್ತು ಗುಂಡು ಖರ್ಚು ಮಾಡಿದೆವು. ಸ್ಕೋಪ್ ಕಳಚಿ ಬರಿಯ ಕಬ್ಬಿಣದ ಗುರಿಕೋಲಿನಿಂದ ಹತ್ತು ಹೊಡೆದಾಗ 8.8 ಸೆಂಟಿಮೀಟರ್ ಬಂತು. ಇನ್ನೆರಡು ತಯಾರಿಕೆಯ ಗುಂಡುಗಳಿಂದ ಹತ್ತತ್ತು ಹೊಡೆದಾಗ 7.4 ಮತ್ತು 8.1. ಕಳಚಿದ ಸ್ಕೋಪ್ ಕ್ಲಬ್ಬಿನ ಕೋವಿಯ ಮೇಲೆ ಕುಳಿತು ಚೆನ್ನಾಗಿಯೇ ಕೆಲಸ ಮಾಡಿತು.

ಮಳೆ ಪುಸ್ತಕ

ತಿರುವು ಬಂದದ್ದು ಶೂಟಿಂಗ್ ರೇಂಜ್‌ನಲ್ಲಲ್ಲ, ಬೆಳೆಗಾರರ ಮನೆಯ ಜಗಲಿಯಲ್ಲಿ. ಕೊಡಗಿನ ತೋಟದವರಿಗೆ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿಯುಂಟು. ಇವರ ಮನೆಯಲ್ಲಿ ಆ ಪುಸ್ತಕ ಅಜ್ಜನ ಕಾಲದಿಂದ ತಪ್ಪಿಲ್ಲ. ತಾವು ಹೊಡೆದ ಗುರಿ ಕಾಗದಗಳನ್ನೂ ಅವರು ತಾರೀಕು ಬರೆದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದರು. ಕಾಫಿ ಕುಡಿಯುತ್ತ ಆ ಕಾಗದಗಳನ್ನು ತಾರೀಕಿನ ಕ್ರಮದಲ್ಲಿ ಮೇಜಿನ ಮೇಲೆ ಹರಡುತ್ತಿದ್ದಾಗ ಅವರೇ ಕೈ ತಡೆದು, ಒಳಗೆ ಹೋಗಿ ಮಳೆ ಪುಸ್ತಕ ತಂದು ಪಕ್ಕದಲ್ಲಿಟ್ಟರು. ಜೂನ್ ಮೂರನೆಯ ವಾರದವರೆಗೆ ಗ್ರೂಪ್ ಚಿಕ್ಕದು. ಜುಲೈ ನಡುವಿನಿಂದ ಹಿಗ್ಗುತ್ತ ಹೋಗಿ ಆಗಸ್ಟ್ ಕೊನೆಗೆ ಅತಿ ದೊಡ್ಡದು. ನವೆಂಬರ್‌ನಲ್ಲಿ ಮಧ್ಯಮ, ಜನವರಿಯಲ್ಲಿ ಮತ್ತೆ ಚಿಕ್ಕದು. ಸ್ಕೋಪ್ ಬದಲಿಸಿದ ದಿನಕ್ಕೂ ಈ ಏರಿಳಿತಕ್ಕೂ ಸಂಬಂಧವೇ ಇರಲಿಲ್ಲ. ಅಕ್ಟೋಬರ್‌ನಲ್ಲಿ ಏನನ್ನೂ ಮಾಡದೆ ಸುಮ್ಮನಿದ್ದಿದ್ದರೂ ಡಿಸೆಂಬರ್‌ಗೆ ಕೋವಿ ತಾನಾಗಿಯೇ ಸುಧಾರಿಸುತ್ತಿತ್ತು.

ಮಳೆಯ ತಿಂಗಳುಗಳಲ್ಲಿ ಕೋವಿಯ ಯಾವ ಭಾಗ ಬದಲಾಗುತ್ತದೆ ಎಂದು ಕೇಳಿಕೊಂಡರೆ ಉತ್ತರ ಒಂದೇ: ಮರ. ಗಾಳಿಯ ತೇವ ನೂರಕ್ಕೆ ಐವತ್ತಿದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇ. 9ರ ಸುಮಾರಿಗೆ ನಿಲ್ಲುತ್ತದೆ. ತೇವ ತೊಂಬತ್ತಕ್ಕೆ ಏರಿ ವಾರಗಟ್ಟಲೆ ಹಾಗೆಯೇ ಇದ್ದರೆ ಶೇ. 20ರ ಹತ್ತಿರ ಹೋಗುತ್ತದೆ. ಉದ್ದಕ್ಕೆ ಮರ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ನಾಲ್ಕು ಸೆಂಟಿಮೀಟರ್ ಅಗಲದ ಆಕ್ರೋಟದ ತುಂಡು ಇಷ್ಟು ತೇವ ಕುಡಿದರೆ ಒಂದು ಮಿಲಿಮೀಟರ್‌ನಷ್ಟು ಅಗಲವಾಗಬಲ್ಲದು. ನಳಿಗೆಗೂ ಮರಕ್ಕೂ ನಡುವೆ ತಯಾರಕರು ಬಿಟ್ಟಿದ್ದ ಸಂದು ಅದಕ್ಕಿಂತ ಕಡಿಮೆಯಿತ್ತು.

ಹಾಗಿದ್ದರೆ ಅಜ್ಜನ ಕಾಲದಲ್ಲಿ ಈ ತೊಂದರೆ ಏಕಿರಲಿಲ್ಲ? ಇದಕ್ಕೆ ಉತ್ತರ ಕೊಟ್ಟವರು ಬೆಳೆಗಾರರ ತಾಯಿ. ಹಳೆಯ ಮನೆಯಲ್ಲಿ ಕೋವಿ ತೂಗುತ್ತಿದ್ದುದು ಅಡುಗೆಮನೆಯ ಒಲೆಗೆ ಬೆನ್ನಾಗಿದ್ದ ಗೋಡೆಯ ಮೇಲೆ. ಮಳೆಗಾಲವಿಡೀ ಒಲೆ ಆರುತ್ತಿರಲಿಲ್ಲ, ಆ ಗೋಡೆ ತಣಿಯುತ್ತಲೂ ಇರಲಿಲ್ಲ. ಮೂರು ವರ್ಷದ ಹಿಂದೆ ಹೊಸ ಮನೆ ಕಟ್ಟಿದಾಗ ಕೋವಿಯನ್ನು ಬೀಗವಿರುವ ಕಬ್ಬಿಣದ ಬೀರುವಿಗೆ ಹಾಕಿದರು. ಸುರಕ್ಷತೆಯ ದೃಷ್ಟಿಯಿಂದ ಅದೇ ಸರಿ. ಆದರೆ ಬೀರು ನಿಂತದ್ದು ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಒತ್ತಿಕೊಂಡು, ಅದರೊಳಗಿನ ಚರ್ಮದ ಬೆಲ್ಟಿಗೆ ಪ್ರತಿ ಜುಲೈನಲ್ಲಿ ಬೂಷ್ಟು ಹಿಡಿಯುತ್ತಿತ್ತು. ಬೂಷ್ಟನ್ನು ಒರೆಸುತ್ತಿದ್ದರೇ ಹೊರತು ಅದು ಹೇಳುತ್ತಿದ್ದುದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಊಹೆಯನ್ನು ಪರೀಕ್ಷೆಗೆ ಒಡ್ಡಿದ್ದು

ಕಾರಣ ಇಷ್ಟು ಚಂದವಾಗಿ ಹೊಂದಿಕೊಂಡಾಗಲೇ ಎಚ್ಚರ ಬೇಕು. ಸ್ಕೋಪಿನ ಕಥೆಯೂ ಮೊದಲ ವರ್ಷ ಹೀಗೇ ಹೊಂದಿಕೊಂಡಿತ್ತು.

ಒಂದು ಹಾಳೆಯನ್ನು ಮಡಿಸಿ ನಳಿಗೆಗೂ ಮರಕ್ಕೂ ನಡುವೆ ತೂರಿಸಿದೆವು. ಒಣ ದಿನಗಳಲ್ಲಿ ಅದು ರಿಸೀವರ್‌ವರೆಗೂ (ನಳಿಗೆಯ ಹಿಂತುದಿ ಸೇರುವ, ಬೋಲ್ಟ್ ಇರುವ ಲೋಹದ ಭಾಗ) ಸಲೀಸಾಗಿ ಜಾರುತ್ತಿತ್ತೆಂದು ಬೆಳೆಗಾರರಿಗೆ ನೆನಪಿತ್ತು. ಈಗ ಮರದ ಮುಂತುದಿಯಿಂದ ನಾಲ್ಕು ಸೆಂಟಿಮೀಟರ್ ಒಳಗೆ, ಕೆಳಗಿನ ಎಡಬದಿಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಕೆಳಗಿನ ಎಡದಿಂದ ಒತ್ತಿದರೆ ನಳಿಗೆ ಬಾಗುವುದು ಬಲಕ್ಕೆ ಮತ್ತು ಮೇಲಕ್ಕೆ. ಗ್ರೂಪ್ ಸರಿದಿದ್ದುದೂ ಅತ್ತಲೇ. ಆಮೇಲೆ ಮರದ ತುದಿಯೂ ನಳಿಗೆಯೂ ಕೂಡುವಲ್ಲಿ ಬೆರಳಿಟ್ಟುಕೊಂಡು, ಮುಂದಿನ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿದೆ. ಅರ್ಧ ಸುತ್ತಿಗೆ ನಳಿಗೆ ಮರದಿಂದ ಮೇಲೆದ್ದದ್ದು ಬೆರಳ ತುದಿಗೆ ತಿಳಿಯಿತು. ಬಿಗಿದಾಗ ಮತ್ತೆ ಕುಳಿತಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ ಆಯಿತು.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಮರವನ್ನು ಕೆರೆದುಬಿಡೋಣ, ಐದು ನಿಮಿಷದ ಕೆಲಸ ಎಂಬುದು ಬೆಳೆಗಾರರ ಆತುರ. ಕೆರೆದ ಮರವನ್ನು ಮತ್ತೆ ಅಂಟಿಸಲಾಗದು ಎಂಬುದು ನನ್ನ ಹಿಂಜರಿಕೆ. ಊಹೆ ತಪ್ಪಾಗಿದ್ದರೆ ಹಳೆಯ ಸ್ಟಾಕ್ ಸುಮ್ಮನೆ ಹಾಳು. ಹಿಂದಕ್ಕೆ ಪಡೆಯಬಹುದಾದ ಪರೀಕ್ಷೆಯನ್ನೇ ಮೊದಲು ಮಾಡಬೇಕೆಂದು ಒಪ್ಪಿಸಿದೆ. ಇಸ್ಪೀಟ್ ಎಲೆಯೊಂದನ್ನು ಕತ್ತರಿಸಿ, ಎರಡು ತುಂಡುಗಳನ್ನು ರಿಸೀವರ್ ಕೂರುವ ಜಾಗದಲ್ಲಿ ಇಟ್ಟು, ಸ್ಕ್ರೂಗಳನ್ನು ಮೊದಲಿನಷ್ಟೇ ಬಿಗಿದೆವು. ನಳಿಗೆ ಮರದ ತುದಿಯಿಂದ ಬಿಡುಗಡೆಯಾಯಿತು. ಹತ್ತು ಗುಂಡು: 3.4 ಸೆಂಟಿಮೀಟರ್. ಎಲೆಯ ತುಂಡುಗಳನ್ನು ತೆಗೆದು ಹತ್ತು ಗುಂಡು: 7.7. ಮತ್ತೆ ಇಟ್ಟು ಹತ್ತು ಗುಂಡು: 3.2.

ನೂರರಲ್ಲಿ ಎಂಬತ್ತು ಗುಂಡು ಖರ್ಚಾಗಿದ್ದವು. ನಡುವಿನ ಹತ್ತು ಗುಂಡು ವ್ಯರ್ಥ ಎಂದು ಬೆಳೆಗಾರರು ಗೊಣಗಿದ್ದರು. ಆದರೆ ಕೆಟ್ಟದ್ದನ್ನು ಬೇಕೆಂದಾಗ ಮತ್ತೆ ಕರೆತರಲು ಸಾಧ್ಯವಾಗಿದ್ದರಿಂದಲೇ ಕಾರಣ ನಮ್ಮ ಕೈಗೆ ಸಿಕ್ಕಿದೆ ಎಂದು ಹೇಳಲು ಧೈರ್ಯ ಬಂತು.

ರಿಪೇರಿ, ಮತ್ತು ನನ್ನ ತಪ್ಪು

ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿ ಒಯ್ದೆವು. ಸ್ಟಾಕ್ ಕಳಚಿದಾಗ ಕಂಡದ್ದು ಎಲ್ಲರನ್ನೂ ಒಂದು ಕ್ಷಣ ಮೌನವಾಗಿಸಿತು. ಹೊರಗೆ ಎಣ್ಣೆ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿದ್ದ ಮರ, ಒಳಗೆ ನಳಿಗೆ ಕೂರುವ ಕೊರೆತದಲ್ಲಿ ಹಸಿಹಸಿಯಾಗಿ ಬರಿದಾಗಿತ್ತು. ಎಪ್ಪತ್ತು ವರ್ಷದಲ್ಲಿ ಅಲ್ಲಿಗೆ ಒಂದು ತೊಟ್ಟು ಎಣ್ಣೆಯೂ ಮುಟ್ಟಿದಂತಿರಲಿಲ್ಲ. ತೇವ ಒಳಹೊಕ್ಕ ಬಾಗಿಲು ಅದೇ. ಒತ್ತುತ್ತಿದ್ದ ಜಾಗದಲ್ಲಿ ನಳಿಗೆಯ ಕಪ್ಪು ಗುರುತು ಉಗುರಿನಷ್ಟು ಅಗಲಕ್ಕೆ ಹೊಳಪಾಗಿ ಮೂಡಿತ್ತು. ರಿಪೇರಿಯವರು ಕೊರೆತವನ್ನು ಸುತ್ತಲೂ ಒಂದು ಮಿಲಿಮೀಟರ್‌ನಷ್ಟು ಕೆರೆದು ಅಗಲಿಸಿದರು.

ಇಲ್ಲಿಯವರೆಗೆ ಸರಿ. ಆದರೆ ಅದು ಆಗಸ್ಟ್ ತಿಂಗಳು, ಸ್ಪರ್ಧೆಗೆ ಹತ್ತು ದಿನವಷ್ಟೇ ಇತ್ತು. ಒಳಗಿನ ಮರಕ್ಕೆ ಅಂದೇ ವಾರ್ನಿಷ್ ಬಳಿಸಿಬಿಡೋಣ ಎಂದು ಒತ್ತಾಯಿಸಿದವನು ನಾನು. ಮರ ಒಣಗಲಿ, ಬೇಸಿಗೆಯಲ್ಲಿ ಮಾಡೋಣ ಎಂದು ರಿಪೇರಿಯವರು ಎರಡು ಸಲ ಹೇಳಿದ್ದರು. ನೀರು ಕುಡಿದು ಉಬ್ಬಿದ್ದ ಮರದ ಬಾಯಿ ಮುಚ್ಚಿದ್ದರಿಂದ ಆದದ್ದಿಷ್ಟು: ಸ್ಪರ್ಧೆಯ ಹೊತ್ತಿಗೆ ಕೋವಿ ಚೆನ್ನಾಗಿಯೇ ಇತ್ತು, ಬೆಳೆಗಾರರು ಕಾಯಿಯನ್ನೂ ಒಡೆದರು. ಜನವರಿಯ ಹೊತ್ತಿಗೆ ಮರ ಹೊರಮೈಯಿಂದ ನಿಧಾನವಾಗಿ ಒಣಗಿ ಕುಗ್ಗಿ, ಸ್ಕ್ರೂಗಳು ಸಡಿಲವಾಗಿ, ಒಳಗಿನ ವಾರ್ನಿಷ್ ಅಲ್ಲಲ್ಲಿ ಬಿರಿದು, ಗ್ರೂಪ್ ಐದು ಸೆಂಟಿಮೀಟರ್‌ಗೆ ಬಂತು. ಫೆಬ್ರವರಿಯಲ್ಲಿ ಸ್ಟಾಕನ್ನು ಮತ್ತೆ ಕಳಚಿ, ಮೂರು ವಾರ ನೆರಳಿನಲ್ಲಿ ಗಾಳಿಗಿಟ್ಟು, ವಾರ್ನಿಷ್ ಕೆರೆದು, ಹೊಸದಾಗಿ ಮೂರು ಪದರ ಬಳಿದರು. ಸ್ಕ್ರೂ ಬಿಗಿತವನ್ನು ಅಳೆದು 2.3 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ, ಆ ಅಂಕಿಯನ್ನು ಬೀರುವಿನ ಬಾಗಿಲ ಒಳಬದಿಗೆ ಬರೆದಿಟ್ಟೆವು. ಬೀರುವನ್ನು ಪಶ್ಚಿಮದ ಗೋಡೆಯಿಂದ ಒಳಕೋಣೆಗೆ ಸರಿಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಇಟ್ಟದ್ದು ಬೆಳೆಗಾರರದೇ ಯೋಚನೆ.

ಬಿಟ್ಟುಕೊಟ್ಟ ದೋಷ

ರಿಪೇರಿಯ ಬಳಿಕವೂ ಗ್ರೂಪ್ ಮೂರು ಸೆಂಟಿಮೀಟರ್‌ಗಿಂತ ಅಷ್ಟಾಗಿ ಕೆಳಗೆ ಇಳಿಯಲು ಒಪ್ಪಲಿಲ್ಲ. ಹತ್ತರಲ್ಲಿ ಒಂದು ಗುಂಡು ಗುಂಪು ಬಿಟ್ಟು ಹೋಗುತ್ತಿತ್ತು. ಹತ್ತಿಯ ಕಡ್ಡಿಯನ್ನು ನಳಿಗೆಯ ಬಾಯಿಯ ಅಂಚಿನಲ್ಲಿ ಸುತ್ತಿಸಿದಾಗ ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಹಿಂದಿನ ತಲೆಮಾರಿನವರು ಬೋಲ್ಟ್ ತೆಗೆದು ಹಿಂದಿನಿಂದ ತೊಳೆಯುವ ಬದಲು ಬಾಯಿಯ ಕಡೆಯಿಂದಲೇ ಉಕ್ಕಿನ ಸಲಾಕೆ ಹಾಕಿ ತೊಳೆದದ್ದರ ಫಲವದು. ಗುಂಡು ನಳಿಗೆ ಬಿಡುವ ಕಡೆಯ ಕ್ಷಣದಲ್ಲಿ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿದರೆ ಗುಂಡು ಅತ್ತಿತ್ತ ವಾಲುತ್ತದೆ. ಲೇತ್‌ಗೆ ಹಾಕಿ ಬಾಯಿಯನ್ನು ಒಂದು ಕೂದಲೆಳೆ ಕತ್ತರಿಸಿದರೆ ಸರಿಹೋಗುತ್ತದೆಂದು ಬೆಳೆಗಾರರ ಸಂಬಂಧಿಕರೊಬ್ಬರು ಹೇಳಿದರು, ಅವರಿಗೆ ಗೊತ್ತಿದ್ದ ವರ್ಕ್‌ಶಾಪ್ ಕೂಡ ಇತ್ತು. 1959ರ ಆಯುಧ ಕಾಯ್ದೆಯ 6ನೆಯ ಕಲಮು ನಳಿಗೆಯನ್ನು ಪರವಾನಗಿಯಿಲ್ಲದೆ ಗಿಡ್ಡ ಮಾಡುವುದನ್ನು ನಿಷೇಧಿಸುತ್ತದೆ. ಎಷ್ಟು ಕತ್ತರಿಸಿದರೆ ಗಿಡ್ಡವಾದಂತೆ ಎಂದು ಪೊಲೀಸ್ ಠಾಣೆಯಲ್ಲಿ ನಿಂತು ವಾದಿಸುವ ಆಸೆ ನಮಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹತ್ತು ಸೆಂಟಿಮೀಟರ್ ಕಾಯಿಗೆ ಮೂರು ಸೆಂಟಿಮೀಟರ್ ಗ್ರೂಪ್ ಧಾರಾಳವಾಯಿತು. ಆ ದೋಷವನ್ನು ತಿಳಿದೂ ಹಾಗೆಯೇ ಬಿಟ್ಟೆವು, ಸಲಾಕೆಯನ್ನು ಹಿಂದಿನಿಂದಲೇ ಹಾಕುವ ಕ್ರಮವನ್ನು ಮಾತ್ರ ಕಟ್ಟುನಿಟ್ಟು ಮಾಡಿದೆವು. ಇದನ್ನು ಅರೆಮನಸ್ಸಿನ ಕೆಲಸ ಎನ್ನುವ ಗೆಳೆಯರು ನನಗಿದ್ದಾರೆ, ನಾನು ಒಪ್ಪುವುದಿಲ್ಲ.

ನಂತರದ ಮಳೆಗಾಲ

ಮುಂದಿನ ಆಗಸ್ಟ್‌ನಲ್ಲಿ ಹತ್ತತ್ತು ಗುಂಡಿನ ಎರಡು ಗ್ರೂಪ್ ಹೊಡೆದೆವು: 3.1 ಮತ್ತು 2.8 ಸೆಂಟಿಮೀಟರ್. ಮಾರ್ಚ್‌ಗೂ ಅದಕ್ಕೂ ಮಧ್ಯಬಿಂದು ಸರಿದದ್ದು ಒಂದು ಸೆಂಟಿಮೀಟರ್ ಮಾತ್ರ. ಹಾಳೆ ಸಲೀಸಾಗಿ ಜಾರಿತು.

ಈ ಇಡೀ ಪ್ರಕರಣವನ್ನು ನಾನು ಕ್ಲಬ್ಬಿನ ಹೊಸಬರಿಗೆ ಹೇಳುವಾಗ ಹೆಚ್ಚು ಹೊತ್ತು ನಿಲ್ಲುವುದು ಮೊದಲ ವರ್ಷದ ಅಕ್ಟೋಬರ್‌ನ ಆ ವಾರದಲ್ಲಿ. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರಿಂದ ಯಾವುದು ಕೆಲಸ ಮಾಡಿತೆಂದು ತಿಳಿಯಲಿಲ್ಲ. ಯಾವುದೂ ಕೆಲಸ ಮಾಡಲಿಲ್ಲವೆಂಬುದೂ ತಿಳಿಯದೆ ಹೋಯಿತು, ಏಕೆಂದರೆ ಋತು ಎಂಬ ನಾಲ್ಕನೆಯ ಬದಲಾವಣೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ಇನ್ನೊಂದು ಸುಳಿವನ್ನು ನಾನೇ ಕೈಬಿಟ್ಟಿದ್ದೆ. ಮೊದಲ ದಿನವೇ ಮರಳು ಚೀಲವನ್ನು ಮರದ ತುದಿಯಿಂದ ಮ್ಯಾಗಜಿನ್ ಹತ್ತಿರಕ್ಕೆ ಸರಿಸಿದಾಗ ಎರಡು ಗುಂಡು ಗುರಿ ಕಾಗದದಲ್ಲಿ ಉಳಿದವಕ್ಕಿಂತ ಕೆಳಗೆ ತಾಗಿದ್ದವು. ಚೀಲದ ಒತ್ತಡ ಮರದ ಮೂಲಕ ನಳಿಗೆಗೆ ತಾಗುತ್ತಿದೆಯೇ ಎಂದು ಅಲ್ಲೇ ಕೇಳಬೇಕಿತ್ತು. ಪುಸ್ತಕದಲ್ಲಿ ‘ಚೀಲ ಸರಿಸಿದೆ’ ಎಂದು ಬರೆದು ಮುಂದೆ ಹೋಗಿದ್ದೆ.

ಈಗ ಉಳಿದಿರುವುದು ಹಬ್ಬದ ದಿನದ ಒಂದು ತಕರಾರು. ಕೈಲ್ ಪೊಳ್ದ್ ದಿನ ಕೋವಿಯನ್ನು ತೊಳೆದು, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಕನ್ನಿ ಕೋಂಬರೆಯಲ್ಲಿ (ಮನೆಯ ದೇವರ ಕೋಣೆ) ಪೂಜೆಗಿಡುವುದು ಮನೆಯ ಪದ್ಧತಿ. ಒಳಗೆ ಎಣ್ಣೆ ಉಳಿದ .22 ನಳಿಗೆಯಿಂದ ಮೊದಲ ನಾಲ್ಕೈದು ಗುಂಡುಗಳು ಎತ್ತೆತ್ತಲೋ ಹೋಗುತ್ತವೆ, ಸ್ಪರ್ಧೆಯಲ್ಲಿ ಸಿಗುವುದೇ ಮೂರು ಈಡು. ಒಂದು ವಾರ ಮೊದಲೇ ಒಳಗೆ ತೊಳೆದು, ಹತ್ತು ಗುಂಡು ಹೊಡೆದು, ಹಬ್ಬದ ದಿನ ಹೊರಮೈಯನ್ನಷ್ಟೇ ಒರೆಸಿ ಎಂದು ಸೂಚಿಸಿದೆ. ಬೆಳೆಗಾರರು ತಾಯಿಯ ಮುಖ ನೋಡಿದರು. “ತೊಳೆಯದ ಕೋವಿಯನ್ನು ಪೂಜೆಗೆ ಇಡುವುದುಂಟಾ?” ಎಂದರು ತಾಯಿ. ಎರಡು ದಿನ ಮಾತಾಡಿದ ಮೇಲೆ ಒಂದು ಒಪ್ಪಂದವಾಯಿತು. ಆ ವರ್ಷ ಅಜ್ಜನ ಹಳೆಯ ತೋಟಾ ಕೋವಿಯನ್ನು ಅವರ ಮನಸ್ಸಿಗೆ ಒಪ್ಪುವಂತೆ ಒಳಗೂ ಹೊರಗೂ ತೊಳೆದು ನಡುವೆ ಇಟ್ಟರು. .22 ಪಕ್ಕದಲ್ಲಿ ಕೂತಿತು, ಹೊರಗಷ್ಟೇ ಒರೆಸಿಕೊಂಡು.